ಓದು ಕಾರ್ಡಿನ ಪೆಟ್ಟಿಗೆ: ಹಸಿರು ಕಾರ್ಡು ಕೆಲಸಕ್ಕೆ ಬರುತ್ತದೆ, ಉತ್ತರ ಪುಸ್ತಿಕೆ ಬೀರುವಿನಲ್ಲೇ ಇರಲಿ

6ರಿಂದ 8ನೇ ತರಗತಿಯ ಮಕ್ಕಳಿಗೆ ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಲೆಂದು ಮಾಡಿದ ಕಾರ್ಡಿನ ಪೆಟ್ಟಿಗೆ ಇದು. ಬೆಲೆ 680 ರೂಪಾಯಿ. ಒಳಗೆ 60 ಕಾರ್ಡು: 20 ನೀಲಿ, 20 ಹಸಿರು, 20 ಹಳದಿ. ಜೊತೆಗೆ ಗುಂಪು ಕೆಲಸಕ್ಕೆ ಪಾತ್ರದ ಚೀಟಿಗಳು, 32 ಪುಟದ ಶಿಕ್ಷಕರ ಕೈಪಿಡಿ, ಹೆಚ್ಚುಕಡಿಮೆ ಅಷ್ಟೇ ದಪ್ಪದ ಉತ್ತರ ಪುಸ್ತಿಕೆ. ಬೆಳಗಾವಿಯಲ್ಲಿ ಕೊಂಡಾಗ ಹತ್ತು ಪರ್ಸೆಂಟ್ ಬಿಟ್ಟುಕೊಟ್ಟರು. ಪ್ರಕಾಶಕರ ಹೆಸರು ಇಲ್ಲಿ ಹಾಕಿಲ್ಲ. ಇದೇ ಅಚ್ಚಿನ ಬೇರೆ ಪೆಟ್ಟಿಗೆ, ವರ್ಕ್‌ಬುಕ್ಕುಗಳನ್ನು ತಿರುವಿದರೂ ಗುಣದೋಷಗಳು ಇವೇ ಕಾಣುತ್ತವೆ. ಯಾವುದನ್ನು ಕೊಂಡರೂ ಏನನ್ನು ನೋಡಿ ಕೊಳ್ಳಬೇಕು ಅನ್ನುವುದು ಗೊತ್ತಾದರೆ ಸಾಕು.

ಮೊದಲೇ ಹೇಳಿಬಿಡುತ್ತೇವೆ. ಇಪ್ಪತ್ತು ಹಸಿರು ಕಾರ್ಡುಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನೀಲಿ ಕಾರ್ಡುಗಳಿಂದ ಮಕ್ಕಳ ಓದು ಒಂದಿಂಚೂ ಮುಂದೆ ಹೋಗುವುದಿಲ್ಲ. ಹಳದಿಯಲ್ಲಿ ಅರ್ಧದಷ್ಟು ಈ ಕಡೆಯ ಮಕ್ಕಳಿಗೆ ಒಗ್ಗುವುದಿಲ್ಲ. ಉತ್ತರ ಪುಸ್ತಿಕೆಯಂತೂ ತರಗತಿಯಲ್ಲಿ ಕೆಡುಕನ್ನೇ ಮಾಡುತ್ತದೆ.

ನೀಲಿ ಕಾರ್ಡಿನಲ್ಲಿ ಒಂದು ಗದ್ಯ, ಅದರ ಕೆಳಗೆ ಐದು ಪ್ರಶ್ನೆ. ರೈತನ ಹೆಸರೇನು, ಅವನು ಎಲ್ಲಿಗೆ ಹೋದನು, ಏನನ್ನು ತಂದನು. ಇಂಥ ಪ್ರಶ್ನೆಗೆ ಮಗು ಸರಿಯುತ್ತರ ಬರೆದರೆ ಓದಿ ತಿಳಿದುಕೊಂಡಿದೆ ಅಂತಲ್ಲವೇ? ಈ ಎರಡು ವಾಕ್ಯ ನೋಡಿ:

"ಗಿಬ್ಬಲ ಮರದ ತುದಿಯಲ್ಲಿ ಒಂದು ತುಂಕಿ ಲೊಸೆಯನ್ನು ಜಿಮುಕುತ್ತಿತ್ತು. ಅಷ್ಟರಲ್ಲಿ ಪೋರಟನು ಬಂದು ತುಂಕಿಯನ್ನು ಗಸರಿದನು."

ತುಂಕಿ ಎಲ್ಲಿತ್ತು? ಗಿಬ್ಬಲ ಮರದ ತುದಿಯಲ್ಲಿ. ಏನನ್ನು ಜಿಮುಕುತ್ತಿತ್ತು? ಲೊಸೆಯನ್ನು. ಗಸರಿದವನು ಯಾರು? ಪೋರಟ. ಮೂರಕ್ಕೆ ಮೂರು ಅಂಕ, ಅರ್ಥವಾದದ್ದು ಸೊನ್ನೆ. ಕನ್ನಡದಲ್ಲಿ ಈ ಆಟ ಇನ್ನೂ ಸಲೀಸು, ಏಕೆಂದರೆ ವಿಭಕ್ತಿ ಪ್ರತ್ಯಯಗಳೇ ಕೈಹಿಡಿದು ನಡೆಸುತ್ತವೆ. 'ಎಲ್ಲಿ' ಅಂದರೆ 'ಅಲ್ಲಿ' ಅಂತ ಮುಗಿಯುವ ಪದ, 'ಏನನ್ನು' ಅಂದರೆ 'ಅನ್ನು' ಹತ್ತಿಕೊಂಡ ಪದ. ನಾಲ್ಕನೇ ತರಗತಿ ದಾಟುವಷ್ಟರಲ್ಲಿ ಮಕ್ಕಳು ಇದನ್ನು ತಾವೇ ಕಂಡುಕೊಂಡಿರುತ್ತಾರೆ. ಈಗ "ಪೋರಟ ತುಂಕಿಯನ್ನು ಯಾಕೆ ಗಸರಿದ?" ಅಂತ ಕೇಳಿ. ಇಡೀ ತರಗತಿ ಸುಮ್ಮನಾಗುತ್ತದೆ. ಓದಿನ ಪಾಠ ಶುರುವಾಗಬೇಕಾದದ್ದು ಅಲ್ಲಿಂದ.

ನೀಲಿಯ ನೂರು ಪ್ರಶ್ನೆಗಳಲ್ಲಿ 'ಏಕೆ' ಬರುವುದು ಏಳು ಕಡೆ. ಅದರಲ್ಲೂ ನಾಲ್ಕಕ್ಕೆ ಉತ್ತರ 'ಏಕೆಂದರೆ' ಎಂಬ ಪದದ ಸಮೇತ ಗದ್ಯದಲ್ಲೇ ಅಚ್ಚಾಗಿದೆ. ಗದ್ಯದಲ್ಲಿ ಸರಿಯಾದ ಜಾಗ ಹುಡುಕುವುದೂ ಒಂದು ಕೆಲಸವೇ, ಹಿಂತಿರುಗಿ ಓದುವ ರೂಢಿಯೇ ಇಲ್ಲದ ಮಕ್ಕಳಿಗೆ ಎರಡು ಮೂರು ಕಾರ್ಡು ಮಾಡಿಸಬಹುದು. ಇಪ್ಪತ್ತು ಬೇಕಾಗಿಲ್ಲ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ನೋಡುವ ಒಂದು ಉಪಾಯವಿದೆ. ಗದ್ಯ ಓದಬೇಡಿ. ಪ್ರಶ್ನೆ ಮೊದಲು ಓದಿ, ಅದರಲ್ಲಿನ ಮುಖ್ಯ ಪದವನ್ನು ಗದ್ಯದ ಮೇಲೆ ಬೆರಳಾಡಿಸಿ ಹುಡುಕಿ. ಬೆರಳು ನಿಂತ ವಾಕ್ಯದಲ್ಲೇ ಉತ್ತರವಿದ್ದರೆ ಒಂದು ಗೆರೆ ಎಳೆಯಿರಿ. ಐದು ಪ್ರಶ್ನೆಗೆ ಮೂರಕ್ಕಿಂತ ಹೆಚ್ಚು ಗೆರೆ ಬಿದ್ದರೆ ಆ ಪುಸ್ತಕವನ್ನು ಮರಳಿ ಇಟ್ಟುಬಿಡಿ.

ಇನ್ನು ಹಸಿರು ಕಾರ್ಡು. ಗದ್ಯ ಚಿಕ್ಕದು, ಐವತ್ತು ಅರವತ್ತು ಪದ ಅಷ್ಟೇ. ಹೇಳದೆ ಬಿಟ್ಟದ್ದೇ ಹೆಚ್ಚು. ಅದೇ ಅದರ ಬಲ. ಏಳನೇ ಕಾರ್ಡಿನ ಧಾಟಿಯಲ್ಲೇ ಒಂದು ಗದ್ಯ ಬರೆದು ತೋರಿಸುತ್ತೇವೆ:

"ಬಸ್ಸು ನಿಂತಾಗ ಮಲ್ಲವ್ವ ಮೊದಲು ಬುಟ್ಟಿ ಇಳಿಸಿದಳು, ಆಮೇಲೆ ತಾನು ಇಳಿದಳು. ಬೆಳಿಗ್ಗೆ ಎರಡು ಕೈಯಲ್ಲಿ ಎತ್ತಿ ಹತ್ತಿಸಿದ್ದ ಬುಟ್ಟಿ ಈಗ ಒಂದೇ ಕೈಗೆ ಬಂತು. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಮನೆಯ ಕಟ್ಟೆಯ ಮೇಲೆ ಕೂತಿದ್ದ ಬಸು ಓಡಿಬಂದು ಬುಟ್ಟಿಯೊಳಗೆ ಕೈಹಾಕಿದ. 'ಇವತ್ತೂ ಮರೆತೆಯಾ?' ಎಂದ. ಮಲ್ಲವ್ವ ನಕ್ಕು ಸೆರಗಿನ ಗಂಟು ಬಿಚ್ಚಿದಳು."

ಇದರಲ್ಲಿ ಸಂತೆ ಎಂಬ ಪದವಿಲ್ಲ, ಮಾರಿದಳು ಅಂತಿಲ್ಲ, ದುಡ್ಡಿನ ಸುದ್ದಿಯಿಲ್ಲ. ಆದರೂ ಓದುವವರಿಗೆ ಅದೆಲ್ಲ ಕಾಣುತ್ತದೆ. ಕಾರ್ಡಿನ ಹಿಂಬದಿಯಲ್ಲಿ ಮೂರು ಅಂಕಣದ ಪಟ್ಟಿ: ಓದಿದ್ದು, ಗೊತ್ತಿದ್ದು, ಹಾಗಾದರೆ. ಓದಿದ್ದು: ಬೆಳಿಗ್ಗೆ ಎರಡು ಕೈ, ಈಗ ಒಂದು. ಗೊತ್ತಿದ್ದು: ಕಾಯಿಪಲ್ಲೆ ಖರ್ಚಾದರೆ ಬುಟ್ಟಿ ಹಗುರಾಗುತ್ತದೆ. ಓದಿದ್ದು: ಸೆರಗಿನ ಗಂಟು ಮುಟ್ಟಿಕೊಂಡಳು. ಗೊತ್ತಿದ್ದು: ಹೆಣ್ಣುಮಕ್ಕಳು ದುಡ್ಡನ್ನು ಸೆರಗಿಗೆ ಗಂಟು ಹಾಕುತ್ತಾರೆ. ಹಾಗಾದರೆ: ಒಯ್ದದ್ದು ಮಾರಿ ದುಡ್ಡು ತಂದಿದ್ದಾಳೆ. ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಈ ಪಟ್ಟಿ. ಹೇಳದ್ದನ್ನು ತಿಳಿಯುವುದೆಂದರೆ ಪುಟದ ಮೇಲಿನ ಸುಳಿವಿಗೆ ತನ್ನಲ್ಲಿರುವ ತಿಳಿವಳಿಕೆ ಕೂಡಿಸುವುದು ಅನ್ನುವುದನ್ನು ಮಗು ಇಲ್ಲಿ ಕಣ್ಣಾರೆ ನೋಡುತ್ತದೆ. ಒಂದೇ ತಕರಾರು, ಬರೆಯಲು ಬಿಟ್ಟ ಜಾಗ ಬೆರಳಗಲ. ಪಟ್ಟಿಯನ್ನು ನೋಟ್‌ಬುಕ್ಕಿನಲ್ಲೇ ಹಾಕಿಸಬೇಕು, ಪುಟವನ್ನು ಅಡ್ಡ ತಿರುಗಿಸಿ.

ಮಕ್ಕಳು ಎಡವುವ ರೀತಿಗಳಿವೆ. ಮೊದಲನೆಯದು, 'ಹಾಗಾದರೆ' ಅಂಕಣದಲ್ಲೂ ಗದ್ಯದ ಸಾಲನ್ನೇ ನಕಲು ಮಾಡುವುದು: "ಬುಟ್ಟಿ ಒಂದೇ ಕೈಗೆ ಬಂತು." ಇದು ನೀಲಿ ಕಾರ್ಡಿನ ಚಟ. ಎರಡನೆಯದು ಇದರ ತಿರುವುಮುರುವು. ಸುಳಿವನ್ನು ಬಿಟ್ಟು ಕತೆ ಕಟ್ಟುವುದು: ಮಲ್ಲವ್ವನ ಗಂಡ ಕುಡುಕ, ಅದಕ್ಕೇ ದುಡ್ಡು ಮುಚ್ಚಿಟ್ಟಾಳ್ರಿ. ಮೂರನೆಯದನ್ನು ಹಿಡಿಯುವುದೇ ಕಷ್ಟ. ಮೊದಲ ಸುಳಿವಿಗೇ ತೀರ್ಮಾನ ಮಾಡಿ ಮುಂದಿನ ಸಾಲು ಬೇರೆ ಹೇಳಿದರೂ ಅದನ್ನು ತಿದ್ದದೆ ಹೋಗುವುದು. ಬುಟ್ಟಿ ಹಗುರಾಯಿತು ಅಂದಕೂಡಲೇ "ಕಳುವಾಯಿತು" ಅಂದ ಮಗು ಕೊನೆಯಲ್ಲಿ ಆಕೆ ನಕ್ಕಾಗಲೂ ಅದನ್ನೇ ಹಿಡಿದಿರುತ್ತದೆ. ಓದು ಕುಂಠಿತವಾದ ಮಕ್ಕಳಲ್ಲಿ ಈ ಮೂರನೆಯದೇ ಗಟ್ಟಿ ಬೇರು, ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇದಕ್ಕೆ ಪೆಟ್ಟಿಗೆಯ ಭಾಷೆಯೂ ಒಂದಿಷ್ಟು ಕಾರಣ. ಹಸಿರು ಕಾರ್ಡುಗಳ ಮೇಲೆ ಒಂದು ಕಡೆ "ಊಹಿಸಿ ಬರೆಯಿರಿ" ಅಂತಿದೆ, ಇನ್ನೊಂದು ಕಡೆ "ಅನುಮಾನಿಸಿ". ಊಹಿಸಿ ಅಂದರೆ ಮಕ್ಕಳು ಬಾಯಿಗೆ ಬಂದದ್ದು ಬರೆಯುತ್ತಾರೆ, ತಪ್ಪೇನಿಲ್ಲ, ಊಹೆ ಅಂದರೆ ಅವರಿಗೆ ಅಷ್ಟೇ. ಅನುಮಾನ ನ್ಯಾಯಶಾಸ್ತ್ರದ, ಅಂದರೆ ಹಳೆಯ ತರ್ಕಶಾಸ್ತ್ರದ ಪದ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಅನ್ನುವುದೇ ಅನುಮಾನ, ಲಕ್ಷಣ ಸರಿಯಾಗಿ ಹೊಂದುತ್ತದೆ. ಆದರೆ ಇವತ್ತಿನ ಮಾತಿನಲ್ಲಿ ಅನುಮಾನ ಅಂದರೆ ಸಂಶಯ. "ಮಲ್ಲವ್ವನ ಬಗ್ಗೆ ಅನುಮಾನಿಸಿ ಬರೆಯಿರಿ" ಅಂದರೆ ಪಾಪ ಮಲ್ಲವ್ವ ಕಳ್ಳಿಯಾಗುತ್ತಾಳೆ. ಎರಡನ್ನೂ ಹೊಡೆದುಹಾಕಿ "ಸುಳಿವು ಹಿಡಿದು ಹೇಳಿ" ಅಂತ ಬರೆದರೆ ಸಾಕು. ಸುಳಿವು ಅಂದಕೂಡಲೇ ಮಕ್ಕಳ ಕಣ್ಣು ಗದ್ಯಕ್ಕೆ ಮರಳುತ್ತದೆ.

ಉತ್ತರ ಪುಸ್ತಿಕೆಯ ತೊಂದರೆ ಗೊತ್ತಾಗುವುದೂ ಇಂಥ ಗದ್ಯದಲ್ಲೇ. ಅದರಲ್ಲಿ ಪ್ರಶ್ನೆಗೊಂದೇ ಉತ್ತರ. ಬಸು ಯಾರು ಅಂದರೆ "ಮಗ" ಅಂತ ಬರೆದು ಮುಗಿಸುವ ಜಾತಿಯದು. ಗದ್ಯ ಹಾಗೆ ಹೇಳಿಲ್ಲ, ಮೊಮ್ಮಗನಿರಬಹುದು. "ಮರೆತೆಯಾ" ಎಂಬ ಏಕವಚನದಿಂದಲೂ ನಿರ್ಧಾರವಾಗುವುದಿಲ್ಲ, ಈ ಕಡೆ ಅವ್ವನನ್ನೂ ಅಜ್ಜಿಯನ್ನೂ ಮಕ್ಕಳು ಏಕವಚನದಲ್ಲೇ ಮಾತಾಡಿಸುತ್ತಾರೆ. ಗಂಟು ಬಿಚ್ಚಿ ಏನು ಕೊಟ್ಟಳು? ದುಡ್ಡಾದರೂ ಸರಿ, ಅದೇ ಗಂಟಿನಲ್ಲಿ ಕಟ್ಟಿಕೊಂಡು ಬಂದ ಪೆಪ್ಪರಮಿಂಟಾದರೂ ಸರಿ. ಎರಡಕ್ಕೂ ಗದ್ಯದಲ್ಲಿ ಆಧಾರವಿದೆ. ಬಾಳೆಹಣ್ಣು ಅಂದರೆ ಇಲ್ಲ, ಗಂಟಿನಲ್ಲಿ ಅದು ಹಿಡಿಯುವುದಿಲ್ಲ. ಉತ್ತರಗಳನ್ನು "ಆಧಾರವಿದೆ, ಆಧಾರ ಸಾಲದು, ಆಧಾರಕ್ಕೆ ವಿರುದ್ಧ" ಅಂತ ಮೂರಾಗಿ ವಿಂಗಡಿಸಬೇಕಾದ ಕಡೆ ಪುಸ್ತಿಕೆ ಸರಿ ತಪ್ಪು ಅಂತ ಎರಡೇ ಮಾಡಿದೆ. ಅದನ್ನು ನೆಚ್ಚಿದರೆ ಪೆಪ್ಪರಮಿಂಟು ಅಂದ ಜಾಣ ಮಗುವಿಗೆ ಸೊನ್ನೆ.

ತರಗತಿಯಲ್ಲಿ ಬಳಸುವ ಬಗೆ. ಪ್ರತಿ ಕಾರ್ಡಿನದು ಒಂದೇ ಪ್ರತಿ, ಮಕ್ಕಳು ನಲವತ್ತು. ಗದ್ಯ ಚಿಕ್ಕದಾದ್ದರಿಂದ ಹಲಗೆಯ ಮೇಲೆ ಮೊದಲೇ ಬರೆದಿಡಬಹುದು. ಪ್ರಶ್ನೆ ಬರೆಯಬೇಡಿ, ಬರೆದರೆ ಬೆರಳಾಡಿಸುವ ಆಟ ಶುರುವಾಗುತ್ತದೆ. 40 ನಿಮಿಷದ ಪಿರಿಯಡ್ಡಿನಲ್ಲಿ ಮೊದಲ ಐದು ನಿಮಿಷ ಮಕ್ಕಳ ಮೌನ ಓದು ಒಂದು ಸಲ, ಶಿಕ್ಷಕರ ಗಟ್ಟಿ ಓದು ಒಂದು ಸಲ. ಮುಂದಿನ ಎಂಟು ನಿಮಿಷ ಶಿಕ್ಷಕರು ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕು: "ಬುಟ್ಟಿ ಒಂದೇ ಕೈಗೆ ಬಂತು ಅಂತದ. ಬೆಳಿಗ್ಗೆ ಎರಡು ಕೈ ಯಾಕ ಬೇಕಾಗಿತ್ತು? ಈಗೇನು ಖಾಲಿ ಆಗೇದ? ಕಳುವಾಗಿರಬೇಕು. ತಡೀರಿ, ಮುಂದ ಗಂಟು ಮುಟ್ಟಿ ನೋಡಿಕೊಂಡಳು ಅಂತದ. ಕಳಕೊಂಡಾಕಿ ಹಿಂಗ ಮಾಡತಾಳೇನು? ಹಂಗಾರ ನಾ ಅಂದದ್ದು ತಪ್ಪು." ಹೀಗೆ ಬೇಕೆಂದೇ ಒಮ್ಮೆ ತಪ್ಪಿ, ಮಕ್ಕಳ ಮುಂದೆಯೇ ತಿದ್ದಿಕೊಳ್ಳುವುದು ಮುಖ್ಯ. ಎಡವುವ ಮೂರನೆಯ ರೀತಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಆಮೇಲೆ ಹನ್ನೆರಡು ನಿಮಿಷ ಇಬ್ಬಿಬ್ಬರಾಗಿ ಪಟ್ಟಿ ತುಂಬುವುದು, ಹತ್ತು ನಿಮಿಷ ಹೇಳಿಸುವುದು. ಇಲ್ಲಿ ಒಂದು ಕಟ್ಟುನಿಟ್ಟು: ಉತ್ತರ ಸರಿಯಿರಲಿ ತಪ್ಪಿರಲಿ, "ಯಾವ ಸಾಲು ಹಂಗ ಹೇಳಿತು?" ಅಂತ ಎಲ್ಲರನ್ನೂ ಕೇಳಬೇಕು. ತಪ್ಪಿದವರನ್ನಷ್ಟೇ ಕೇಳಿದರೆ, ಸರ್ ಕೇಳಿದರು ಅಂದರೆ ಉತ್ತರ ತಪ್ಪು ಅಂತ ಮಕ್ಕಳು ಎರಡೇ ದಿನದಲ್ಲಿ ಲೆಕ್ಕ ಹಾಕುತ್ತಾರೆ. ಸರಿ ಹೇಳಿದವರೂ ಆಗ ಉತ್ತರ ಬದಲಿಸಿಬಿಡುತ್ತಾರೆ. ಕೊನೆಯ ಐದು ನಿಮಿಷ ಒಂದು ಸಾಲು ಅಳಿಸಿ ಬೇರೆ ಬರೆಯಿರಿ. "ಮಲ್ಲವ್ವ ನಕ್ಕು ಸೆರಗಿನ ಗಂಟು ಬಿಚ್ಚಿದಳು" ಇದ್ದ ಕಡೆ "ಮಲ್ಲವ್ವ ಮಾತಾಡದೆ ಒಳಗೆ ಹೋದಳು." ಈಗ ಪಟ್ಟಿಯಲ್ಲಿ ಯಾವ ಸಾಲು ಬದಲಾಗಬೇಕು, ಯಾವುದು ಹಾಗೇ ಇರುತ್ತದೆ? ಸರಿಯಾಗಿ ಹೇಳಿದ ಮಗುವಿಗೆ ಗದ್ಯ ಅರ್ಥವಾಗಿದೆ. ಬೇರೆ ಪರೀಕ್ಷೆ ಬೇಕಾಗಿಲ್ಲ.

ಪಾತ್ರದ ಚೀಟಿಗಳ ಹಿಂದಿನ ಯೋಚನೆ ಹಳೆಯದು, ಗಟ್ಟಿಯಾದದ್ದು. 1984ರಲ್ಲಿ ಅಮೆರಿಕದ ಸಂಶೋಧಕರಾದ ಪಾಲಿಂಕ್ಸರ್ ಮತ್ತು ಬ್ರೌನ್, ಅಕ್ಷರ ಓದಬಲ್ಲ ಆದರೆ ಅರ್ಥ ಹಿಡಿಯಲಾರದ ಏಳನೇ ತರಗತಿಯ ಮಕ್ಕಳ ಜೊತೆ ಮಾಡಿ ತೋರಿಸಿದ ಪದ್ಧತಿ. ಮುಂದೇನಾಗಬಹುದು ಹೇಳುವುದು, ಪ್ರಶ್ನೆ ಕೇಳುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಸಾರ ಹೇಳುವುದು ಎಂಬ ನಾಲ್ಕು ಕೆಲಸ. ಮೊದಲು ಶಿಕ್ಷಕರು ಮಾಡಿ ತೋರಿಸಿ, ನಿಧಾನಕ್ಕೆ ಮಕ್ಕಳಿಗೆ ಬಿಟ್ಟುಕೊಡುತ್ತ ಹೋಗಬೇಕು. ಪೆಟ್ಟಿಗೆಯ ಕೈಪಿಡಿ ಈ ಬಿಟ್ಟುಕೊಡುವ ಹಂತವನ್ನೇ ಹಾರಿಸಿ, ಮೊದಲ ದಿನವೇ ನಾಲ್ವರಿಗೆ ಚೀಟಿ ಹಂಚಿ ಅನ್ನುತ್ತದೆ. ಹಾಗೆ ಮಾಡಿದರೆ 'ಪ್ರಶ್ನೆ ಕೇಳುವ' ಮಗು "ರೈತನ ಹೆಸರೇನು?" ಅಂತ ಕೇಳುತ್ತದೆ, 'ಸಾರ ಹೇಳುವ' ಮಗು ಇಡೀ ಗದ್ಯ ಓದುತ್ತದೆ, ಉಳಿದಿಬ್ಬರು ಕಿಟಕಿಯಾಚೆ ನೋಡುತ್ತಾರೆ. ವಾರಕ್ಕೊಂದು ಪಾತ್ರವನ್ನು ಇಡೀ ತರಗತಿಗೆ ಕಲಿಸಿ ಐದನೇ ವಾರದಿಂದ ಚೀಟಿ ಕೊಡಿ. 'ಸಾರ ಹೇಳುವವ'ರಿಗೆ ಹತ್ತು ಪದದ ಮಿತಿ ಹಾಕಿ. ಹತ್ತೇ ಪದ ಅಂದಾಗ ಯಾವುದನ್ನು ಬಿಡಬೇಕು ಅನ್ನುವ ಯೋಚನೆ ಹುಟ್ಟುತ್ತದೆ.

ಹಳದಿ ಕಾರ್ಡುಗಳಲ್ಲಿ ಮಾಹಿತಿ ಗದ್ಯ. ಮೆಟ್ರೋ ರೈಲು, ಹಿಮ ಬೀಳುವ ಊರು, ಕಡಲತೀರ, ವಿಮಾನ ನಿಲ್ದಾಣ. ಗದ್ಯಗಳೇನೂ ಕೆಟ್ಟವಲ್ಲ, ಆದರೆ ಅವು ಮಗುವಿಗೆ ಗೊತ್ತಿದೆ ಅಂತ ಹಿಡಿದುಕೊಂಡ ಸಂಗತಿಗಳು ಬೇರೆ ಊರಿನವು. 'ಗೊತ್ತಿದ್ದು' ಅಂಕಣ ಖಾಲಿಯಾದರೆ 'ಹಾಗಾದರೆ' ಎಲ್ಲಿಂದ ಬರಬೇಕು? 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಏಳು, ಎಂಟನೇ ತರಗತಿಯ 64 ಅಮೆರಿಕನ್ ಮಕ್ಕಳಿಗೆ ಬೇಸ್‌ಬಾಲ್ ಆಟದ ಗದ್ಯವೊಂದನ್ನು ಓದಲು ಕೊಟ್ಟರು. ಆಟ ಗೊತ್ತಿದ್ದ ಹಿಂದುಳಿದ ಓದುಗರು, ಆಟ ಗೊತ್ತಿಲ್ಲದ ಜಾಣ ಓದುಗರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಮುಧೋಳ, ರಾಯಬಾಗದ ತರಗತಿಗೆ ಇದನ್ನು ತಂದು ನೋಡಿ:

"ಫ್ಯಾಕ್ಟರಿ ಗೇಟಿನಿಂದ ಹಿಂದಕ್ಕೆ ಎರಡು ಕಿಲೋಮೀಟರ್ ಟ್ರ್ಯಾಕ್ಟರುಗಳು ನಿಂತಿದ್ದವು. ಎರಡನೇ ರಾತ್ರಿಯೂ ಡ್ರೈವರ್ ಟ್ರಾಲಿಯ ಕೆಳಗೇ ಮಲಗಿದ. ಹೊಲದ ಮಾಲೀಕ ಫೋನ್ ಮಾಡಿ 'ತೂಕ ಆತೇನು?' ಅಂತ ಮೂರು ಸಲ ಕೇಳಿದ."

ಮಾಲೀಕನಿಗೆ ಯಾಕೆ ಅವಸರ? ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕ ಇಳಿಯುತ್ತದೆ, ತೂಕ ಇಳಿದರೆ ದುಡ್ಡು ಇಳಿಯುತ್ತದೆ. ಕಬ್ಬಿನ ಊರಿನ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯಪುರ ಪಟ್ಟಣದ ಮಗುವಿಗೆ ಹೇಳಬೇಕು. ಇಂಡಿ ಕಡೆಗಾದರೆ ನಿಂಬೆ, ತಿಕೋಟಾಕ್ಕೆ ದ್ರಾಕ್ಷಿ, ಇಳಕಲ್ಲಿಗೆ ಮಗ್ಗ. ಇಂಥ ನಾಲ್ಕೈದು ಸಾಲಿನ ಗದ್ಯ ಬರೆಯಲು ಶಿಕ್ಷಕರಿಗೆ ಹೆಚ್ಚು ಹೊತ್ತು ಬೇಡ. ಬರೆಯುವಾಗ ಒಂದೇ ನಿಯಮ: ಉತ್ತರವಾಗುವ ಪದವನ್ನು ಗದ್ಯದಲ್ಲಿ ಬರೆಯಬಾರದು. ಮೇಲಿನದರಲ್ಲಿ 'ಕಬ್ಬು' ಎಂಬ ಪದವೇ ಇಲ್ಲ.

ಹಾಗಂತ ಪೂರ್ತಿ ಪರಿಚಿತ ವಿಷಯವೂ ಕೈಕೊಡುತ್ತದೆ. ಹಳದಿಯಲ್ಲಿ ಗೋಳಗುಮ್ಮಟದ ಕಾರ್ಡು ಒಂದಿದೆ. ಮಹಮ್ಮದ್ ಆದಿಲ್ ಶಾಹನ ಸಮಾಧಿ, 1656, ಸುಮಾರು 44 ಮೀಟರ್ ಅಗಲದ ಗುಮ್ಮಟ, ಪಿಸುಗುಟ್ಟಿದರೂ ಆಚೆ ಬದಿಗೆ ಕೇಳುವ ಮೊಗಸಾಲೆ. ವಿಜಯಪುರದ ಮಕ್ಕಳು ಗದ್ಯ ಓದದೆಯೇ ಉತ್ತರ ಬರೆದುಬಿಡುತ್ತಾರೆ, ಪ್ರವಾಸದಲ್ಲಿ ಅಲ್ಲಿ ಕೂಗಿ ಬಂದವರೇ ಎಲ್ಲ. ಅಲ್ಲಿ ಇದನ್ನು ಬಿಟ್ಟು ಮೆಟ್ರೋ ಕಾರ್ಡೇ ಕೊಡಿ, ಬೆಳಗಾವಿಯಲ್ಲಿ ಗೋಳಗುಮ್ಮಟದ್ದು ಕೊಡಿ. ಅಪರಿಚಿತ ಕಾರ್ಡು ಕೊಡುವ ಮುಂಚೆ, ಗದ್ಯ ಹೇಳದೆ ಬಿಟ್ಟಿರುವ ಮೂರೇ ಮೂರು ಸಂಗತಿ ಆರಿಸಿ ಐದು ನಿಮಿಷ ಮಾತಾಡಿ. ಮೆಟ್ರೋಕ್ಕಾದರೆ: ಕಾರ್ಡು ತೋರಿಸಿದರೆ ಗೇಟು ತೆರೆಯುತ್ತದೆ, ರೈಲು ನಿಲ್ಲುವುದು ಅರೆಕ್ಷಣ, ಕೆಲವು ನಿಲ್ದಾಣ ನೆಲದಡಿ ಇವೆ. ಹತ್ತು ಸಂಗತಿ ಹೇಳಿದರೆ ಗದ್ಯಕ್ಕೆ ಕೆಲಸವೇ ಉಳಿಯುವುದಿಲ್ಲ.

ಈ ಪೆಟ್ಟಿಗೆಯ ಅಭ್ಯಾಸಗಳನ್ನು ಇಂಗ್ಲಿಷಿನಿಂದ ಎತ್ತಿದ್ದಾರೆ ಅನ್ನುವುದು ಮುಚ್ಚಿಡಲಾಗದ ಸಂಗತಿ. 'ಅದು', 'ಅವುಗಳು' ಯಾರನ್ನು ಸೂಚಿಸುತ್ತವೆ ಅಂತ ಕಾರ್ಡು ಕಾರ್ಡಿಗೂ ಕೇಳುತ್ತಾರೆ. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟುಬಿಡುವುದೇ ಹೆಚ್ಚು, ಕ್ರಿಯಾಪದದ ತುದಿಯೇ ಕರ್ತೃವನ್ನು ಹೇಳುತ್ತದೆ. ತೊಡಕಿರುವುದು ಬೇರೆ ಕಡೆ. "ಅಕ್ಕೋರು ಬಂದರು. ಚಹಾ ಕುಡಿದರು. ಹೋದರು." ಒಬ್ಬರೋ ಹಲವರೋ? ಗೌರವದ ಬಹುವಚನ ಸಂಖ್ಯೆಯನ್ನೂ ನುಂಗುತ್ತದೆ, ಕೆಲವೊಮ್ಮೆ ಗಂಡೋ ಹೆಣ್ಣೋ ಅನ್ನುವುದನ್ನೂ. ಮುಂದಿನ ಸಾಲಿನಿಂದ ಹಿಂದಿನದನ್ನು ತಿಳಿಯುವ ಅಭ್ಯಾಸ ಇಲ್ಲೇ ಬೇಕು.

ಕನ್ನಡದಲ್ಲಿ ಹೇಳದ್ದನ್ನು ಹೇಳುವ ಅಕ್ಷರಗಳೇ ಇವೆ. ಬಸು "ಇವತ್ತು ಮರೆತೆಯಾ" ಅನ್ನದೆ "ಇವತ್ತೂ" ಅಂದ. ಆ ಒಂದು ದೀರ್ಘದಲ್ಲಿ ಆಕೆ ಹಿಂದೆಯೂ ಮರೆತಿದ್ದಾಳೆ ಅನ್ನುವ ಇಡೀ ಕತೆ ಇದೆ. "ರಾಜುವೇ ಹೇಳಿದ" ಅಂದರೆ ಬೇರೆ ಯಾರ ಮೇಲೋ ಸಂಶಯವಿತ್ತು. "ಪರೀಕ್ಷೆ ಮುಂದಕ್ಕೆ ಹೋಯಿತಂತೆ" ಅಂದವನು ನೋಟಿಸು ಕಂಡಿಲ್ಲ, ಯಾರದೋ ಬಾಯಿಂದ ಕೇಳಿದ್ದಾನೆ. "ಇನ್ನೂ ಬಂದಿಲ್ಲ" ಅನ್ನುವವನು ಕಾಯುತ್ತಿದ್ದಾನೆ, "ಇನ್ನು ಬರುವುದಿಲ್ಲ" ಅನ್ನುವವನು ಕಾಯುವುದು ಬಿಟ್ಟಿದ್ದಾನೆ. ಪೆಟ್ಟಿಗೆಯ ಅರವತ್ತು ಕಾರ್ಡಿನಲ್ಲಿ ಇದರ ಮೇಲೆ ಒಂದು ಪ್ರಶ್ನೆಯೂ ಇಲ್ಲ. ಸಾಲದ್ದಕ್ಕೆ ಹಸಿರು 14ರಲ್ಲಿ "ಇನ್ನು ಬಂದಿಲ್ಲ" ಅಂತ ಅಚ್ಚಾಗಿದೆ, ಇದ್ದೊಂದು ಸುಳಿವೂ ಮೊಳೆ ಜೋಡಿಸುವಲ್ಲಿ ಬಿದ್ದುಹೋಗಿದೆ. ಪೆನ್ನಿನಿಂದ ದೀರ್ಘ ಹಾಕಿಕೊಳ್ಳಿ.

ಮನೆಯಲ್ಲಿ ಮರಾಠಿ ಆಡುವ ಮಕ್ಕಳು ಬೆಳಗಾವಿಯಲ್ಲಿ ಬೇಕಾದಷ್ಟು ಇದ್ದಾರೆ. 'ಅಂತೆ' ಅಂದರೆ ಮರಾಠಿಯ 'ಮ್ಹಣೇ' ಅಂತ ಒಂದು ಮಾತು ಹೇಳಿದರೆ ಹತ್ತು ನಿಮಿಷದ ವಿವರಣೆ ಉಳಿಯುತ್ತದೆ. ಉರ್ದು ಮನೆಮಾತಿನವರಿಗೆ 'ಊ' ಅಂದರೆ 'ಭೀ', 'ಏ' ಅಂದರೆ 'ಹೀ'. ಇವರಿಗೆ ಸುಳಿವು ಹಿಡಿಯುವ ಬುದ್ಧಿ ಕಡಿಮೆ ಅಂತ ಬಗೆಯುವುದು ದೊಡ್ಡ ತಪ್ಪು. ಅದೇ ಗದ್ಯವನ್ನು ಅವರ ಮಾತಿನಲ್ಲಿ ಹೇಳಿ ನೋಡಿದರೆ ತಿಳಿಯುತ್ತದೆ.

ಪೆಟ್ಟಿಗೆಯಲ್ಲಿ ಇರಲೇಬೇಕಾಗಿದ್ದು, ಇಲ್ಲದ್ದು: ಯಾವ ಮಗುವಿಗೆ ಯಾವ ಕಾರ್ಡು ಎಂದು ನೋಡುವ ಸಾಧನ. ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಕೊಟ್ಟ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಓದಿನ ಗ್ರಹಿಕೆ ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಕೂಡುವ ಲೆಕ್ಕವಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಆದ್ದರಿಂದ ಮಗುವನ್ನು ಪಕ್ಕಕ್ಕೆ ಕರೆದು ನೂರು ಪದ ಗಟ್ಟಿಯಾಗಿ ಓದಿಸಿ. ಹತ್ತಕ್ಕಿಂತ ಹೆಚ್ಚು ತಪ್ಪಿದರೆ ಆ ಗದ್ಯ ಆ ಮಗುವಿಗೆ ಭಾರ. ಆಮೇಲೆ ಅಂಥದ್ದೇ ಇನ್ನೊಂದು ಗದ್ಯ ನೀವು ಓದಿ ಹೇಳಿ, ಬಾಯಿಮಾತಿನಲ್ಲೇ ಪ್ರಶ್ನೆ ಕೇಳಿ. ಕಿವಿಯಿಂದ ಕೇಳಿ ಸರಿಯಾಗಿ ಹೇಳಿದರೆ ಕೊರತೆ ಅಕ್ಷರದಲ್ಲಿದೆ, ಒತ್ತಕ್ಷರ, ದೀರ್ಘ, ಉದ್ದನೆಯ ಸಮಾಸಪದ ಬಿಡಿಸಿ ಓದುವ ಅಭ್ಯಾಸ ಬೇಕು. ಕೇಳಿಯೂ ಹೇಳಲಾಗದಿದ್ದರೆ ಹಸಿರು ಕಾರ್ಡನ್ನು ಓದಿಸದೆ ಬರೀ ಮಾತಿನಲ್ಲೇ ಮಾಡಿಸಿ. ಒತ್ತಕ್ಷರದಲ್ಲೇ ಎಡವುವ ಮಗುವಿಗೆ ಸುಳಿವಿನ ಪಾಠ ಹೇಳುವುದು, ಪಾಠ ಹೇಳುವವರಿಗೂ ಮಗುವಿಗೂ ಶಿಕ್ಷೆ.

ಕಾಗದ, ಅಚ್ಚು ಪರವಾಗಿಲ್ಲ ಅನ್ನಬಹುದು. ಕಾರ್ಡು ದಪ್ಪ, ಆದರೆ ಲ್ಯಾಮಿನೇಶನ್ ಮೂಲೆಯಿಂದ ಏಳುತ್ತದೆ, ಮೊದಲೇ ಸೆಲ್ಲೋಟೇಪ್ ಹಚ್ಚಿಕೊಳ್ಳಿ. ಹಳದಿ ಕಾರ್ಡಿನ ತಲೆಬರಹ ಬಿಳಿ ಅಕ್ಷರದಲ್ಲಿದ್ದು ಹಿಂದಿನ ಬೆಂಚಿಗಿರಲಿ, ಕೈಯಲ್ಲಿ ಹಿಡಿದರೂ ಕಾಣದು. ಸಾಲುಗಳ ನಡುವೆ ಜಾಗ ಕಡಿಮೆಯಾಗಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ್ದರೆ ಸರಿಹೋಗುತ್ತಿತ್ತು.

ದುಡ್ಡು ಹಾಕುವುದೇ ಬೇಡ ಅನ್ನುವವರಿಗೆ, ಪ್ರಥಮ್ ಬುಕ್ಸ್‌ನವರು 2015ರಿಂದ ನಡೆಸುತ್ತಿರುವ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ. 6ರಿಂದ 8ರವರೆಗೆ ಮೂರು ಮತ್ತು ನಾಲ್ಕನೇ ಹಂತದವು ಹೊಂದುತ್ತವೆ. ಕತೆಯ ಕೊನೆಯ ಪುಟ ಮುಚ್ಚಿಟ್ಟು ಅದೇ ಮೂರು ಅಂಕಣದ ಪಟ್ಟಿ ಹಾಕಿಸಿದರೆ ಹಸಿರು ಕಾರ್ಡಿನ ಕೆಲಸ ಆಗುತ್ತದೆ. ಕತೆ ಆರಿಸುವ, ಎಲ್ಲಿ ನಿಲ್ಲಿಸಬೇಕು ಅಂತ ನೋಡಿಡುವ ಹೊತ್ತು ಮಾತ್ರ ನಿಮ್ಮದು.

ಹಸಿರು ಕಾರ್ಡುಗಳನ್ನು ಬಿಡಿಯಾಗಿ ಮಾರುವುದಿಲ್ಲ, ಕೇಳಿ ನೋಡಿದ್ದೇವೆ. ಒಂದೇ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಎರಡು ಶಾಲೆ ಸೇರಿ ಒಂದು ಪೆಟ್ಟಿಗೆ ಕೊಂಡರೆ ರಿಯಾಯಿತಿ ಕಳೆದು ಶಾಲೆಗೆ 306 ರೂಪಾಯಿ ಬೀಳುತ್ತದೆ. ಹಸಿರನ್ನು ಹತ್ತು ಹತ್ತು ಹಂಚಿಕೊಂಡು ವಾರಕ್ಕೊಂದರಂತೆ ಮಾಡಿದರೆ ದಸರಾ ರಜೆಯೊಳಗೆ ಮುಗಿಯುತ್ತವೆ, ರಜೆ ಕಳೆದ ಮೇಲೆ ಅದಲುಬದಲು ಮಾಡಿಕೊಳ್ಳಬಹುದು. ನೀಲಿ ಕಾರ್ಡುಗಳ ಹಿಂಬದಿ ಖಾಲಿಯಿದೆ. ಕಬ್ಬು, ನಿಂಬೆ, ಮಗ್ಗದ ಗದ್ಯಗಳನ್ನು ಬರೆದು ಅಂಟಿಸಲು ಅದು ಸರಿಯಾದ ಅಳತೆ.